ಮಗನ ಜಟೆ, ನನ್ನ ಹರಕೆ

ಹೋದ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದ ಅತಿಥಿ ಉಪ್ಪು ಬೇಡ ಎಂದರು.

ಬಿ.ಪಿ. ಇರಬೇಕು ಅಂದುಕೊಂಡೆ. (ನಮ್ಮ ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿ ಐವತ್ತು ದಾಟಿದವರೆಲ್ಲರ ಕಥೆಯೂ ಅದೇ.) ಆದರೆ ಇವರಿಗೆ ಮೂವತ್ತೈದೂ ಆಗಿರಲಿಕ್ಕಿಲ್ಲ. ಹೆಸರು ವಿನ್‌ಸ್ಟನ್. ಜಮೈಕಾದವರು, ಇಲ್ಲಿಯ ಯೂನಿವರ್ಸಿಟಿಯಲ್ಲಿ ಸಂಗೀತದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾರೆ. ತಲೆಗೆ ಕೆಂಪು, ಹಳದಿ, ಹಸಿರು ಉಣ್ಣೆಯ ದೊಡ್ಡ ಟೋಪಿ. ಅದರೊಳಗೆ ಸೊಂಟ ಮುಟ್ಟುವಷ್ಟು ಜಟೆ. ಕಾಲೇಜಿಗೆ ಹೋಗುವ ನನ್ನ ಮಗ ಶ್ರೀಶನಿಗೆ ರೆಗೇ ಸಂಗೀತದ ಹುಚ್ಚು ಹಿಡಿಸಿದ ಮಹಾನುಭಾವರು ಇವರೇ.

"ಅಮ್ಮ, ಅವ್ರು ರಾಸ್ತಾಫಾರಿ. ಉಪ್ಪು, ಮಾಂಸ, ಡ್ರಿಂಕ್ಸ್ ಏನೂ ಇಲ್ಲ. ಮಡಿ ಟೈಪ್," ಎಂದ ಶ್ರೀಶ, ಅಡುಗೆಮನೆಗೆ ಬಂದು.

"ಮೊದ್ಲೇ ಹೇಳಬಾರದೇನೋ? ಸಾರಿಗೆ ಉಪ್ಪು ಬಿದ್ದಾಯ್ತು."

"ಅಚ್ಛಾ, ಕೋಸಂಬರಿ ಆದ್ರೂ ಬೇರೆ ತೆಗೆದಿಡು ನಾ."

ತೆಗೆದಿಟ್ಟೆ. ವಿನ್‌ಸ್ಟನ್ ಎಲೆಯ ಮುಂದೆ ಕೂತು ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಅಷ್ಟರಲ್ಲಿ ನಮ್ಮ ಯಜಮಾನರು ಸಾರನ್ನ ಕಲೆಸಿ ಎರಡು ತುತ್ತು ಮುಗಿಸಿದ್ದರು. (ದೇವರ ನೆನಪು ಅವರಿಗೆ ಮಜ್ಜಿಗೆಯ ಹೊತ್ತಿಗೆ ಬರುತ್ತದೆ.)

ಜಮೈಕಾದ ಬಡವರ ನಡುವೆ ಹುಟ್ಟಿದ ಧರ್ಮವಂತೆ ಇದು. ದೇವರನ್ನು 'ಜಾ' ಎನ್ನುತ್ತಾರೆ. ತಲೆಗೆ ಕತ್ತರಿ ತಾಗಿಸುವುದಿಲ್ಲ ಎಂದು ವ್ರತ ಹಿಡಿಯುತ್ತಾರೆ. ಆ ಭಕ್ತಿಯನ್ನು ಲೋಕಕ್ಕೆಲ್ಲ ಹೊತ್ತು ತಿರುಗಿದ್ದು ರೆಗೇ ಹಾಡು. ಇಷ್ಟು ನನಗೆ ತಿಳಿದದ್ದು ಹೋದ ಭಾನುವಾರ. ಅಲ್ಲಿಯವರೆಗೆ ನಾನು ಕಂಡಿದ್ದು ಜನಪಥ್‌ನ ಅಂಗಡಿಗಳಲ್ಲಿ ನೇತಾಡುವ ಮೂರು ಬಣ್ಣದ ಟೀ ಶರ್ಟು, ಅದರ ಮೇಲೊಂದು ಗಾಂಜಾ ಎಲೆ. ಅಷ್ಟೇ.

ಹಾಗಾಗಿ ಎರಡು ವರ್ಷದ ಹಿಂದೆ ಶ್ರೀಶ ಜಟೆ ಬಿಡತೊಡಗಿದಾಗ ನನಗೆ ಮೊದಲು ನೆನಪಾದದ್ದು ಆ ಗಾಂಜಾ ಎಲೆಯೇ.

"ಸ್ಟೈಲ್ ಅಲ್ಲ ಅಮ್ಮ, ಒಂಥರಾ ನೇಮ ಇದು. ಬ್ಯಾಂಡ್‌ನಲ್ಲಿ ನುಡಿಸ್ತಾ ಇರೋವರೆಗೂ ಕಟ್ ಮಾಡ್ಸಲ್ಲ," ಎಂದಿದ್ದ. ನಾಲ್ಕು ಗೆಳೆಯರ ಬ್ಯಾಂಡು, ಇವನದು ಬೇಸ್ ಗಿಟಾರ್. ನಾನು ನಕ್ಕುಬಿಟ್ಟೆ. ಮೆಟ್ಟಿಲಲ್ಲಿ ಸಿಕ್ಕ ಎದುರುಮನೆ ಆಂಟಿ "ಬೇಟಾ ಬಾಬಾ ಬನ್ ಗಯಾ ಕ್ಯಾ?" ಎಂದು, ಮಗ ಸನ್ಯಾಸಿಯಾದನೇ ಎಂಬಂತೆ ಕೇಳಿದಾಗ ಮಾತ್ರ ನಗು ಬರಲಿಲ್ಲ.

ಅವನಿಲ್ಲದಾಗ ಬ್ಯಾಗು ಜಾಲಾಡಿದೆ. ಅಂಗಿ ಮೂಸಿದೆ. ಸಿಕ್ಕಿದ್ದು ಗಿಟಾರಿನ ತಂತಿ. ದೇವರು ದೊಡ್ಡವನು ಎಂದುಕೊಂಡೆ. ಹೊರಗೆ ಆಮ್ಲೆಟ್ ತಿನ್ನುವುದನ್ನೂ ಬಿಟ್ಟ. ನನ್ನ ಪೂಜೆಯ ಫಲ ಎಂದು ಬೀಗಿದೆ. ಆ ನೇಮದ್ದೇ ಇನ್ನೊಂದು ಭಾಗ ಅದು ಎಂದು ಕೇಳಿ ತಿಳಿಯಬೇಕೆನಿಸಲಿಲ್ಲ. ಹರಿದ್ವಾರದಲ್ಲಿ ಜಟೆಯ ಸಾಧು ಕಂಡರೆ ಕಾಲಿಗೆ ಬೀಳುವವಳು ನಾನು. ಮಗನ ತಲೆಯಲ್ಲಿದ್ದಾಗ ಅದೇ ಜಟೆ ಕೊಳೆಯಾಗಿ ಕಂಡಿತು. ಇದೆಂಥ ಭಕ್ತಿ ಹೇಳಿ?

ಕಳೆದ ಅಕ್ಟೋಬರಿನಲ್ಲಿ ಅವನಿಗೆ ಡೆಂಗೆ ಬಂತು. ಪ್ಲೇಟ್‌ಲೆಟ್ ಇಳಿಯುತ್ತಾ ಹೋಗಿ ಡಾಕ್ಟರರ ಮುಖವೂ ಇಳಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬೇಡಿಕೊಂಡೆ: ತಿಮ್ಮಪ್ಪಾ, ಇವನನ್ನು ಉಳಿಸಿಕೊಡು, ಇವನ ಮುಡಿ ನಿನಗೆ ಒಪ್ಪಿಸುತ್ತೇನೆ.

ಉಳಿಸಿಕೊಟ್ಟ. ಮನೆಗೆ ಬಂದ ಮೇಲೆ ಮಗನಿಗೆ ಹೇಳಿದೆ.

"ನನ್ನ ಒಂದು ಮಾತು ಕೇಳಬಹುದಿತ್ತಲ್ಲ, ಅಮ್ಮ?"

"ನಿನಗೆ ಮೈಮೇಲೆ ಎಚ್ಚರ ಎಲ್ಲಿತ್ತು? ದೇವರಿಗೆ ಕೊಟ್ಟ ಮಾತು ಕಣೋ, ತಪ್ಪೋಕಾಗತ್ತಾ?"

"ನಾನೂ ಮಾತು ಕೊಟ್ಟಿದ್ದೆ."

ಅದಕ್ಕಿಂತ ಹೆಚ್ಚು ವಾದಿಸಲಿಲ್ಲ. ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್‌ನಲ್ಲಿ, ನನ್ನ ಜೊತೆ ತಿರುಪತಿಗೆ ಬಂದು ತಲೆ ಬಗ್ಗಿಸಿ ಕೂತ. ಜಟೆ ಗಟ್ಟಿಯಾಗಿತ್ತು, ಕ್ಷೌರಿಕರು ಎರಡು ಸಲ ನೀರು ಹಾಕಿ ನೆನೆಸಬೇಕಾಯಿತು. ದಿಲ್ಲಿಗೆ ಬಂದ ದಿನವೇ ಗಿಟಾರು ಕವರಿನೊಳಗೆ ಹೋಗಿ ಅಲ್ಮೇರಾದ ಮೇಲೆ ಕೂತಿತು. ಬ್ಯಾಂಡಿಗೆ ಬೇರೆಯವನು ಬಂದ. ಓದಿಗೆ ಒಳ್ಳೆಯದೇ ಆಯಿತು ಎಂದು ಅದನ್ನೂ ದೇವರ ಕೃಪೆಯ ಪಟ್ಟಿಗೆ ಸೇರಿಸಿಕೊಂಡೆ.

ವಿನ್‌ಸ್ಟನ್ ಈ ಆರು ತಿಂಗಳು ತಮ್ಮ ದೇಶದಲ್ಲಿದ್ದರು. ಭಾನುವಾರ ಬಾಗಿಲಲ್ಲೇ ಶ್ರೀಶನ ತಲೆ ನೋಡಿದ್ದರು. ಊಟ ಅರ್ಧವಾದ ಮೇಲೆ ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದರು, ಏನಾಯಿತು ತಮ್ಮ?

ಮಗ ನನ್ನ ಕಡೆ ನೋಡಲಿಲ್ಲ. "ದಿಲ್ಲಿ ಸೆಕೆ. ತಡೆಯೋಕಾಗ್ಲಿಲ್ಲ, ನಾನೇ ತೆಗೆಸಿಬಿಟ್ಟೆ" ಎಂದ, ಅವರ ಭಾಷೆಯಲ್ಲೇ.

ಅವರು ತಮ್ಮ ಅಜ್ಜನ ವಿಷಯ ಹೇಳಿದರು. ಆಗೆಲ್ಲ ಜಟೆಯವರನ್ನು ಕಂಡರೆ ಜಮೈಕಾದ ಪೊಲೀಸರಿಗೆ ಆಗುತ್ತಿರಲಿಲ್ಲವಂತೆ. ಅಜ್ಜನನ್ನು ಹಿಡಿದು, ಕೈ ಕಟ್ಟಿ, ತಲೆ ಬೋಳಿಸಿ ಕಳಿಸಿದರಂತೆ. ಎಷ್ಟೋ ತಿಂಗಳು ಅಜ್ಜ ಡೋಲು ಮುಟ್ಟಲಿಲ್ಲ. "ನಿನ್ನ ತಲೆಗೆ ಯಾರೂ ಕೈ ಹಾಕಲಿಲ್ಲವಲ್ಲ, ನೀನೇ ತೆಗೆಸಿದ್ದು. ಹಾಗಾದರೆ ಪರವಾಗಿಲ್ಲ" ಎಂದರು ಮಗನಿಗೆ, ಸಮಾಧಾನಕ್ಕೆ.

ನಾನು ಪಾಯಸದ ಸೌಟು ಹಿಡಿದು ಅಲ್ಲೇ ನಿಂತಿದ್ದೆ. ಆ ಪೊಲೀಸರ ಕೈಯಲ್ಲಿ ಕತ್ತರಿಯಿತ್ತು. ನನ್ನ ಕೈಯಲ್ಲಿ ದೇವರಿದ್ದ.

"ನಾನೇ ತೆಗೆಸಿದ್ದು," ಎಂದೆ ನನ್ನ ಹರಕು ಇಂಗ್ಲಿಷಿನಲ್ಲಿ. ಜ್ವರ, ಹರಕೆ, ತಿರುಪತಿ ಎಲ್ಲ ಹೇಳಿದೆ.

ವಿನ್‌ಸ್ಟನ್ ಎಲೆಯಿಂದ ಕೈ ತೆಗೆದು ನನ್ನ ಕಡೆ ತಿರುಗಿದರು. "ಮದರ್, ನಿಮ್ಮ ಮಗ ಬದುಕಿದ್ದಾನೆ. ಅದಕ್ಕೆ ನಾನೂ ದೇವರಿಗೆ ಕೈ ಮುಗಿಯುತ್ತೇನೆ. ಆದರೆ ಆ ವ್ರತ ಅವನದಾಗಿತ್ತು." ಅಷ್ಟು ಹೇಳಿ ಊಟ ಮುಗಿಸಿ, ಟೋಪಿ ಸರಿಮಾಡಿಕೊಂಡು ಹೊರಟರು.

"ಯಾಕೋ ಸುಳ್ಳು ಹೇಳಿದೆ?" ಎಂದು ಮಗನನ್ನು ಕೇಳಿದೆ.

"ಮತ್ತೇನು ಹೇಳಲಿ? ನಮ್ಮಮ್ಮನಿಗೆ ಇದೆಲ್ಲ ಅರ್ಥ ಆಗತ್ತೆ, ಅವಳೂ ವ್ರತ ಮಾಡೋಳೇ ಅಂತ ಅವ್ರ ಹತ್ರ ಯಾವಾಗ್ಲೂ ಹೇಳ್ತಿದ್ದೆ."

"ಮತ್ತೆ ಬೆಳೆಸು. ನಾನು ತುಟಿ ಪಿಟಕ್ ಅನ್ನಲ್ಲ."

"ಛೋಡೋ ಅಮ್ಮ. ಕೂದ್ಲು ಬೆಳೆಯತ್ತೆ. ಗಿಟಾರ್ ಹಿಡಿಯೋಕೆ ಮನಸ್ಸೇ ಬರ್ತಿಲ್ಲ."

ಮಗ ಉಳಿದ. ದೀಪ ಹಚ್ಚುವಾಗ ದಿನವೂ ಅದನ್ನು ನೆನೆಯುತ್ತೇನೆ. ಹರಕೆ ಹೊತ್ತದ್ದು ತಪ್ಪೆಂದು ಇವತ್ತಿಗೂ ಅನ್ನಿಸಿಲ್ಲ. ಆದರೆ ದೇವರಿಗೆ ಏನು ಕೊಡಲಿ ಎಂದು ಹುಡುಕಿದಾಗ ನನಗೆ ಹೊಳೆದದ್ದು ನಾನು ಸಹಿಸದಿದ್ದ ಆ ಜಟೆಯೊಂದೇ.

ನನ್ನ ಬೆನ್ನ ಮೇಲೂ ಮಾರುದ್ದದ ಜಡೆ ಇತ್ತಲ್ಲ, ಅದೇಕೆ ನೆನಪಾಗಲಿಲ್ಲ?