ನೀಲಿ ಗಾಡಿಯ ಮುಗೋಯಾ

ಅವನಿಗೆ ಮುಗೋಯಾ ಎಂಬ ಹೆಸರಿದೆಯೆಂದು ನಮ್ಮೂರಿಗೆ ಗೊತ್ತಾದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಅವನು ನಮಗೆ ಬರೀ ಗಾಡಿಯವನು. ಅವನ ನೀಲಿ ವ್ಯಾನು ಡಾಂಬರು ರಸ್ತೆ ಬಿಟ್ಟು ನಮ್ಮ ಕಡೆಗೆ ತಿರುಗಿತೆಂದರೆ ಕೈಪಂಪಿನ ಬಳಿಯ ಹೆಂಗಸರು ಕ್ಯಾನು ಕೆಳಗಿಡುತ್ತಿದ್ದರು, ಗಂಡಸರು ಟೋಪಿ ತೆಗೆಯುತ್ತಿದ್ದರು, ಪ್ರತಿಯೊಬ್ಬರೂ ಮನಸ್ಸಿನಲ್ಲೇ ದೂರದಲ್ಲಿರುವ ತಮ್ಮವರನ್ನು ನೆನೆಯುತ್ತಿದ್ದರು.

ಉತ್ತರದ ನಮ್ಮ ಲಾಂಗೋ ಸೀಮೆಯ ಗಂಡಸರು ಕಬ್ಬು ಕಡಿಯಲು ದಕ್ಷಿಣಕ್ಕೆ, ಜಿಂಜಾದ ತೋಟಗಳಿಗೆ ಹೋಗುತ್ತಾರೆ. ಅಲ್ಲಿ ಸತ್ತರೆ ಪೆಟ್ಟಿಗೆಯಲ್ಲಿಟ್ಟು ಮನೆಗೆ ತರಬೇಕು. ನಮ್ಮವರನ್ನು ಪರವೂರಿನ ಮಣ್ಣಿಗೆ ಹಾಕುವ ರೂಢಿ ನಮ್ಮಲ್ಲಿಲ್ಲ. ಒಮ್ಮೆ ಹೆಣ ಹೊತ್ತ ಗಾಡಿಗೆ ಆಮೇಲೆ ಜನ ಹತ್ತುವುದಿಲ್ಲವೆಂದು ಬೇರೆ ಡ್ರೈವರುಗಳು ಆ ಬಾಡಿಗೆಗೆ ಒಲ್ಲೆ ಎನ್ನುತ್ತಿದ್ದರು. ಮುಗೋಯಾ ಆ ಕಡೆಯವನು, ಬಸೋಗಾ ಕುಲದವನು. ಅವನ ಪಕ್ಕದ ಕೋಣೆಯಲ್ಲಿದ್ದ ನಮ್ಮವನೊಬ್ಬ ತೀರಿಕೊಂಡಾಗ ಇಲ್ಲ ಎನ್ನಲು ಬಾಯಿ ಬರದೆ ಒಪ್ಪಿಕೊಂಡ. ಅಲ್ಲಿಗೆ ಅವನ ಹಣೆಬರಹ ಗಟ್ಟಿಯಾಯಿತು. ಸ್ವಂತ ಮಗಳ ಮದುವೆಗೂ ಬೀಗರು ಬೇರೆ ಗಾಡಿ ಕರೆಸಿದರಂತೆ. ಇವನು ಬಸ್ಸು ಹತ್ತಿ ಹೋದನಂತೆ.

ಕೆಲಸದಲ್ಲಿ ಮಾತ್ರ ಎರಡು ಮಾತಿಲ್ಲ. ವ್ಯಾನಿನ ತಲೆಯ ಮೇಲೆ ಕಬ್ಬಿಣದ ಕ್ಯಾರಿಯರ್, ಅದರ ಮೇಲೆ ಹುಲ್ಲಿನ ಮೆತ್ತೆ. ಟೈರಿನ ಟ್ಯೂಬನ್ನು ಉದ್ದಕ್ಕೆ ಸೀಳಿದ ಪಟ್ಟಿಗಳಲ್ಲಿ ಅವನು ಬಿಗಿದದ್ದು ಎಂಥ ಗುಂಡಿಗೂ ಅಲುಗುತ್ತಿರಲಿಲ್ಲ. ಮೇಲೊಂದು ಒಗೆದ ಬಿಳಿ ಬಟ್ಟೆ, ತುದಿಗೊಂದು ಹಸಿರು ಕೊಂಬೆ. ಕೊಂಬೆ ಕಂಡರೆ ಪೊಲೀಸರೂ ಗಾಡಿ ತಡೆಯುವುದಿಲ್ಲ. ಕರುಮಾದಲ್ಲಿ ಸೇತುವೆ ದಾಟುವ ಮುನ್ನ ಇಳಿದು, ಗಂಟುಗಳನ್ನು ಮುಟ್ಟಿ ನೋಡಿ, ಮೇಲಿದ್ದವನಿಗೆ ಹೇಳುತ್ತಿದ್ದ: “ನದಿ ಬಂತಪ್ಪ. ಇನ್ನು ನಿಮ್ಮ ಸೀಮೆ.”

ನನ್ನ ಗಂಡನನ್ನು ತಂದದ್ದೂ ಅವನೇ. ಅವತ್ತು ನಾನು ಅವನ ಮುಖ ನೋಡಲಿಲ್ಲ, ಗಂಟು ಬಿಚ್ಚುವ ಕೈಗಳನ್ನಷ್ಟೇ ನೋಡಿದೆ. ನಿಂತುಕೊಂಡೇ ಚಹಾ ಕುಡಿದು ಹೊರಟುಬಿಟ್ಟ. ಹೊರಟವರಿಗೆ ಹೋಗಿ ಬಾ ಎನ್ನುವುದು ಲೋಕರೂಢಿ. ಅವನಿಗೆ ಹಾಗೆಂದು ಹೇಳುವ ಧೈರ್ಯ ಯಾರಿಗಿದೆ? “ಹೋಗಪ್ಪ” ಎನ್ನುತ್ತಿದ್ದೆವು, ಅಷ್ಟೇ. ಅವನೂ ತಿರುಗಿ ನೋಡುತ್ತಿರಲಿಲ್ಲ. ನಮ್ಮ ಭಾಷೆಯಲ್ಲಿ ಅವನು ಕಲಿತಿದ್ದೂ ಆ ಕೆಲಸಕ್ಕೆ ಬೇಕಾದಷ್ಟೇ. ಸಮಾಧಾನ ಮಾಡಿಕೋ, ನಿಧಾನ ಇಳಿಸಿ, ಇಂಥ ನಾಲ್ಕಾರು ಮಾತು.

ಅಮೊಂಗಿ ನನ್ನ ಓರಗಿತ್ತಿ, ನನಗಿಂತ ದೊಡ್ಡವಳು. ಅವಳ ಒಬ್ಬನೇ ಮಗ ಓಗ್ವಾಲ್. ಕಬ್ಬು ಕಡಿಯಲು ಹೋದವನು ಕತ್ತಿ ಬಿಸಾಡಿ ಜಿಂಜಾದ ನದಿಗೆ ಬಿದ್ದ. ಒಬ್ಬನೇ ಸೊಂಟದವರೆಗೆ ಇಳಿದು ಕೂರುವ ಪ್ಲಾಸ್ಟಿಕ್ ದೋಣಿ, ಕಯಾಕ್ ಎನ್ನುತ್ತಾರೆ, ಅದರಲ್ಲಿ ನೊರೆಗಟ್ಟಿದ ನೀರಿನೊಳಗೆ ತಲೆಕೆಳಗಾಗಿ ಏಳುವುದೇ ಅವನ ಉದ್ಯೋಗ. ಅಮೊಂಗಿಗೆ ಇದು ತಿಳಿದಾಗ ಫೋನಿನಲ್ಲಿ ಹಿಗ್ಗಾಮುಗ್ಗಾ ಬೈದಳು. “ಕುಣಿ, ಇನ್ನೂ ಕುಣಿ. ಒಂದಿನ ಆ ನೀಲಿ ಗಾಡಿ ತಲೆ ಮೇಲೇ ಮನೆಗೆ ಬರ್ತೀಯ.” ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು. ಆದರೆ ಆಡಿದ ಮಾತು ಆಡಿದ್ದೇ. ಅವತ್ತಿನಿಂದ ಗಾಡಿಯ ಸದ್ದಾದರೆ ಸಾಕು, ಅವಳು ಎದ್ದು ನಿಲ್ಲುತ್ತಿದ್ದಳು.

ಪಕ್ವಾಚ್ ಕಡೆ ನದಿಯಲ್ಲಿ ದೋಣಿ ಪಂದ್ಯ ನಿಗದಿಯಾಯಿತು. ದೋಣಿಯನ್ನು ಅಷ್ಟು ದೂರ ಬೀಳಿಸದೆ ಒಯ್ಯಬಲ್ಲವರು ಯಾರು ಎಂದು ಓಗ್ವಾಲ್ ವಿಚಾರಿಸಿದರೆ ಎಲ್ಲರೂ ತೋರಿಸಿದ್ದು ಮುಗೋಯಾನನ್ನೇ. ದಾರಿಯಲ್ಲಿ ಒಂದು ರಾತ್ರಿ ನಮ್ಮೂರಲ್ಲಿ ತಂಗಿ, ಅಮ್ಮನಿಗೆ ದಿಢೀರನೆ ಮುಖ ತೋರಿಸುವ ಯೋಚನೆ ಹುಡುಗನದು. ಧೂಳು ಕೂರದ ಹಾಗೆ ದೋಣಿಗೆ ಏನಾದರೂ ಹೊದಿಸು ಎಂದ. ಮುಗೋಯಾ ಹೊದಿಸಿದ. ಹಿಂದಕ್ಕೆ ಚಾಚಿದ ತುದಿಗೆ ಗುರುತು ಕಟ್ಟು ಎಂದ. ಕಟ್ಟಿದ. ಏನು ಹೊದಿಸಿದ, ಏನು ಕಟ್ಟಿದ ಎಂದು ಕೇಳಬೇಡಿ. ಇಷ್ಟು ವರ್ಷ ಮಾಡಿದ್ದನ್ನೇ ಕೈ ತಾನಾಗಿ ಮಾಡಿತು.

ದಾರಿಯುದ್ದಕ್ಕೂ ಜನ ಎದ್ದು ನಿಂತರಂತೆ. ಸೈಕಲ್ಲಿನವರು ಇಳಿದರಂತೆ. ಮುಗೋಯಾನಿಗೆ ಅದೇನೂ ಹೊಸದಲ್ಲ, ಅವನ ಗಾಡಿಗೆ ಜನ ಎದ್ದು ನಿಲ್ಲದ ದಿನವೇ ಇರಲಿಲ್ಲ. ನಮ್ಮ ಓಗ್ವಾಲ್ ಮಾತ್ರ ಇದೆಲ್ಲ ಪಂದ್ಯಕ್ಕೆ ಹೊರಟ ತನಗೆ ಎಂದುಕೊಂಡು, ಕಿಟಕಿಯಿಂದ ಕೈ ಹೊರಚಾಚಿ ಬೀಸಿದ್ದೇ ಬೀಸಿದ್ದು. ಹೆಣದ ಗಾಡಿಯಲ್ಲಿ ಕೂತು ಹಲ್ಲು ಕಿರಿಯುವ ಈ ಕಪಿ ಯಾರು ಎಂದು ಅವರೆಲ್ಲ ಶಪಿಸಿರಬೇಕು.

ಊರ ಹತ್ತಿರದ ಸಂತೆಪೇಟೆಯಲ್ಲಿ ಅವನು ಇಳಿದ. ಅಮ್ಮನಿಗೆ ಸಕ್ಕರೆ, ಸಾಬೂನು ಕೊಳ್ಳದೆ ಬರಿಗೈಯಲ್ಲಿ ಹೋಗುವುದು ಹೇಗೆ? “ನೀನು ಮುಂದೆ ಹೋಗಿ ನಮ್ಮನೆ ಮಾವಿನ ಮರದಡಿ ನಿಲ್ಸಿರು, ಬಂದೇ” ಎಂದು ಮುಗೋಯಾನನ್ನು ಒಬ್ಬನೇ ಕಳಿಸಿದ.

ನಾವು ಅಂಗಳದಲ್ಲಿ ಎಳ್ಳು ಹಸನು ಮಾಡುತ್ತಿದ್ದೆವು. ಗಾಡಿ ಬಂತು. ಯಾರ ಮನೆ ಮುಂದೆಯೂ ನಿಲ್ಲದೆ ಸೀದಾ ನಮ್ಮ ಮಾವಿನ ಮರದಡಿ ನಿಂತಿತು. ಬಿಳಿ ಬಟ್ಟೆ, ಹಸಿರು ಕೊಂಬೆ. ಅಮೊಂಗಿಯ ಮೊರ ಕೈಜಾರಿತು. ಅವಳು ಕೂಗಿದ ಕೂಗಿಗೆ ಊರೇ ಓಡಿ ಬಂತು. ಯಾರೋ ಓಗ್ವಾಲ್‌ಗೆ ಫೋನ್ ಮಾಡಿದರು, ಸ್ವಿಚ್ ಆಫ್. ಇಷ್ಟು ಹೆಂಗಸರು ಎದೆ ಬಡಿದುಕೊಂಡು ತನ್ನ ಕಡೆ ನುಗ್ಗಿದ್ದು ಕಂಡು ಮುಗೋಯಾ ಕಂಗಾಲಾದ. ಬಾಯಿಗೆ ಬಂದದ್ದು ಅದೇ ಹಳೆಯ ಮಾತು.

“ಸಮಾಧಾನ ಮಾಡ್ಕೋ, ತಾಯಿ.”

“ನಾನೇ ಬಾಯಾರೆ ಅಂದೆ,” ಎಂದು ಅಮೊಂಗಿ ನನ್ನ ಕೈ ಹಿಡಿದು ಕುಸಿದಳು. “ನಾನೇ ಕರೆಸ್ಕೊಂಡೆ ಕಣೇ ಅವೊರ್. ಈ ನಾಲಿಗೆ ಸೀಳಿ ಹೋಗ್ಲಿ.”

“ಅಕ್ಕಾ, ಹಾಗನ್ಬೇಡ” ಎಂದು ಅವಳ ಪಕ್ಕದಲ್ಲೇ ಕೂತೆ.

ಗಂಡಸರು ಮೇಲೆ ಹತ್ತಿದರು. ಮುಗೋಯಾ ತನ್ನ ಭಾಷೆಯಲ್ಲಿ ಏನೇನೋ ಕೂಗುತ್ತ ಕೈ ಅಡ್ಡ ಹಿಡಿದ. ಕೇಳುವವರು ಯಾರು? ನಾಲ್ಕು ಜನ ಹೆಗಲು ಕೊಟ್ಟು ಎತ್ತಿದರೆ ಅದು ಹೂವಿನ ಹಾಗೆ ಮೇಲೆದ್ದು ಬಂತು. ಅವರು ಮುಖ ಮುಖ ನೋಡಿಕೊಂಡರು.

“ಇಷ್ಟೇನಾ?” ಎಂದಳು ಅಮೊಂಗಿ. “ನದಿ ನನ್ನ ಮಗನ್ನ ಇಷ್ಟೇ ಉಳಿಸಿದ್ದಾ?”

ಅವಳೇ ಬಟ್ಟೆ ಎಳೆದಳು. ಒಳಗೆ ಅರಿಶಿನ ಬಣ್ಣದ ಪ್ಲಾಸ್ಟಿಕ್ಕು. ನಡುವೆ ಒಂದು ತೂತು. ಒಬ್ಬ ಮುದುಕ ಬಗ್ಗಿ ತೂತಿನೊಳಗೆ ಇಣುಕಿ, “ಯಾರೂ ಇಲ್ಲ ಇದರೊಳಗೆ” ಎಂದ.

ಅಷ್ಟರಲ್ಲಿ ಬಾಡಿಗೆ ಬೈಕಿನವನ ಹಿಂದೆ ಕೂತು, ಸಕ್ಕರೆ ಪೊಟ್ಟಣ ತಬ್ಬಿಕೊಂಡು ಓಗ್ವಾಲ್ ಬಂದ. ತನ್ನ ಮನೆಯಂಗಳದಲ್ಲಿ ಜನ, ಅಳು. ಅವನು ಇಳಿದವನೇ ಪೊಟ್ಟಣ ಬಿಸಾಡಿ ಗೊಳೋ ಎಂದು ಅತ್ತ.

“ಅಮ್ಮಾ, ನಾನು ಬರೋ ಹೊತ್ತಿಗೇ ಹೋಗ್ಬಿಟ್ಯಾ?”

ಗದ್ದಲ ನಿಂತಿತು. ಗುಂಪು ಸೀಳಿಕೊಂಡು ಅಮೊಂಗಿ ಎದುರಿಗೆ ಬಂದಳು. ಮುಖ ಮುಟ್ಟಿದಳು, ಭುಜ ಮುಟ್ಟಿದಳು, ಕಿವಿ ಹಿಡಿದು ಜಗ್ಗಿ ನೋಡಿದಳು. ಆಮೇಲೆ ಕಾಲಿನ ಚಪ್ಪಲಿ ತೆಗೆದಳು. ಮಗನಿಗೆ ಮುಗಿಸಿ ಮುಗೋಯಾನ ಕಡೆ ತಿರುಗಿದಾಗ ಅವನು ತಪ್ಪಿಸಿಕೊಳ್ಳಲಿಲ್ಲ. ಎರಡು ಏಟು ತಿಂದು, ತುದಿಯಲ್ಲಿ ಕಟ್ಟಿದ್ದ ಕೊಂಬೆಯನ್ನು ಆಗಷ್ಟೇ ಕಂಡವನ ಹಾಗೆ ನೋಡಿ, ತಲೆ ಮೇಲೆ ಕೈ ಹೊತ್ತು ಕೂತ. ಮೊದಲು ನಕ್ಕದ್ದು ಅಮೊಂಗಿಯೇ. ಆಮೇಲೆ ನಮಗೆ ಯಾರಿಗೂ ನಗು ತಡೆಯಲಾಗಲಿಲ್ಲ.

ಸುಳ್ಳೇಕೆ ಹೇಳಲಿ, ನನಗೆ ಒಂದು ಗಳಿಗೆ ಹೊಟ್ಟೆ ಉರಿಯಿತು. ನನ್ನವನು ಬಂದಾಗ ಬಟ್ಟೆಯೊಳಗೆ ಅವನೇ ಇದ್ದ. ಆದರೆ ಓಗ್ವಾಲ್ ಬಂದು “ಚಿಕ್ಕಮ್ಮಾ” ಎಂದು ತಬ್ಬಿಕೊಂಡಾಗ ಆ ಉರಿ ಆರಿತು. ಎದೆ ಹಗುರವಾಗಿ ಬಿಕ್ಕಿ ಬಿಕ್ಕಿ ಅತ್ತೆ.

ಸುದ್ದಿ ಕೇಳಿ ಪಕ್ಕದ ಹಳ್ಳಿಗಳಿಂದ ಹಿಟ್ಟು, ಕಾಳು ಹೊತ್ತು ಅಳುತ್ತ ಬಂದವರಿಗೆಲ್ಲ ಸತ್ತವನೇ ಎದುರು ಬಂದು ಮಣೆ ಹಾಕಿದ. ತಂದದ್ದನ್ನು ವಾಪಸು ಒಯ್ಯುವುದುಂಟೇ? ಒಲೆ ಹೂಡಿದೆವು. ರಾಗಿ ಮುದ್ದೆ, ಎಳ್ಳರೆದು ಹಾಕಿದ ಸೊಪ್ಪು, ಮುಗೋಯಾನಿಗೆಂದೇ ಒಂದು ಕೋಳಿ. ಅವನು ರೂಢಿಯಂತೆ ಲೋಟ ಹಿಡಿದು ಗಾಡಿಯ ಪಕ್ಕ ನಿಂತಿದ್ದ.

“ಕೂತ್ಕೋ” ಎಂದಳು ಅಮೊಂಗಿ. “ನಿನ್ನ ಹೆಸರೇನೋ?”

ಅವನು ಹೇಳಿದ. ಕೂತ. ಎರಡನೇ ಮುದ್ದೆಗೂ ಬೇಡ ಎನ್ನಲಿಲ್ಲ.

ಬೆಳಿಗ್ಗೆ ದೋಣಿಯನ್ನು ಮತ್ತೆ ಮೇಲೇರಿಸಿದರು. ಈ ಸಲ ಹೊದಿಸಿದ್ದು ಅಮೊಂಗಿ ಉಡುವ ಹೂಬಳ್ಳಿ ಚಿತ್ತಾರದ ಹಳೆ ಲುಂಗಿ, ತುದಿಗೆ ಕಟ್ಟಿದ್ದು ನನ್ನ ಕೆಂಪು ತಲೆವಸ್ತ್ರ. ಮಗನಿಗೆ ಹೇಳುವ ಬುದ್ಧಿಮಾತೆಲ್ಲ ಹೇಳಿಯಾಯಿತು. ಮುಗೋಯಾ ಯಾರ ಮುಖವನ್ನೂ ನೋಡದೆ ಗಾಡಿ ಹತ್ತಿ ಸ್ಟಾರ್ಟ್ ಮಾಡಿದ. ಅಮೊಂಗಿ ಅವನ ಕಿಟಕಿಯ ಬಳಿ ಬಂದಳು.

“ಮುಗೋಯಾ, ಹೋಗಿ ಬಾ.”

ಅವನು ಇಂಜಿನ್ ಆರಿಸಿದ. “ಏನಂದೆ, ತಾಯಿ?”

“ಹೋಗಿ ಬಾ ಅಂದೆ. ಕಿವುಡಾ ನಿಂಗೆ?”

ಅದಕ್ಕೆ ಕೊಡುವ ಉತ್ತರ ಅವನು ಕಲಿತ ಮಾತುಗಳಲ್ಲಿ ಇರಲಿಲ್ಲ. ಓಗ್ವಾಲ್ ಪಕ್ಕದಿಂದ ಬಗ್ಗಿ ಕಿವಿಯಲ್ಲಿ ಹೇಳಿಕೊಟ್ಟ.

“ಬರ್ತೀನಿ” ಎಂದ ಮುಗೋಯಾ.