ಗಾಳಿಯಲ್ಲಿ ನಿಂತ ಭಂಡಾರ

ಗಡಿಯಾಚೆಯ ತಿಕೋಂಡಿಯಲ್ಲಿ ಬಸ್ಸಿಳಿದ ದಿನ ನಾನು ಮತ್ತೆ ಓದು ಬಾರದವಳಾದೆ. ಕಲಿತದ್ದು ನಾಲ್ಕನೇ ತರಗತಿ. ಆದರೂ ನಮ್ಮ ಗದಗ ಕಡೆ ಅಂಗಡಿಯ ಬೋರ್ಡು, ಬಸ್ಸಿನ ಹಣೆಬರಹ ಎಲ್ಲ ಓದುತ್ತಿದ್ದೆ. ಇಲ್ಲಿ ಬೋರ್ಡೆಲ್ಲ ಮರಾಠಿ. ಅದರ ಕೆಳಗೆ ನಿಂತ ಮಂದಿ ಮಾತ್ರ ನನ್ನಂತೆಯೇ ಕನ್ನಡದಲ್ಲಿ ಬಸ್ಸಿಗೆ ಬೈಯುತ್ತಿದ್ದರು. ಕಿವಿಗೆ ಊರು, ಕಣ್ಣಿಗೆ ಪರದೇಶ.

ಮಗಳ ಮನೆಯಲ್ಲಿ ಹೋಗಿ ಇರುವುದೇ ಎಂದು ಊರಲ್ಲಿರುವ ನೀವು ಕೇಳುತ್ತೀರಿ, ಗೊತ್ತು. ಇದ್ದೇನೆ. ಗಂಡ ಸತ್ತ, ಮನೆ ಮೈದುನರ ಪಾಲಾಯಿತು, ಮಗಳು ಶಾಂತಾ ಕರೆದಳು, ಬಂದೆ. ಅದರಲ್ಲಿ ಅಳುವಂಥದ್ದೇನಿಲ್ಲ.

ಕಷ್ಟ ಬೇರೆಯೇ ಇತ್ತು. ಶಾಂತಾಳ ಅತ್ತೆ ಗಂಗವ್ವ ನನಗೆ ಕೆಲಸವನ್ನೇ ಕೊಡಲಿಲ್ಲ. ಕಸಬರಿಗೆ ಹಿಡಿದರೆ ಕಸಿದುಕೊಳ್ಳುವಳು. “ಬೀಗರು ಕುಂದ್ರಬೇಕ್ರಿ. ನೋಡಿದ ಮಂದಿ ಏನಂದಾರು?” ಅಲ್ಲಿ ನಾನು ಕೂತರೆ ಮನೆ ನಡೆಯುತ್ತಿರಲಿಲ್ಲ, ಇಲ್ಲಿ ನಾನು ಎದ್ದರೆ ಮನೆಯ ಮರ್ಯಾದೆ ಹೋಗುತ್ತದೆ. ಅವರೆಲ್ಲ ಚಹಾವನ್ನು ಬಶಿಗೆ ಸುರಿದು ಸೊರ್ರೆಂದು ಕುಡಿಯುವಾಗ ನನಗೆ ಮಾತ್ರ ಗೋಡೆಯ ಗೂಡಿನಲ್ಲಿಟ್ಟಿದ್ದ ಹೂವಿನ ಚಿತ್ತಾರದ ಕಪ್ಪು. ಸಾಯುವ ತನಕ ಬೀಗತಿಯಾಗಿ ಕೂರಲೇನು? ಈ ಮನೆಯಲ್ಲಿ ಒಂದಾದರೂ ಕೆಲಸ ನನ್ನದಾಗಬೇಕು ಎಂದು ಹಟ ಹಿಡಿದೆ.

ಆ ಕೆಲಸ ಸಿಕ್ಕದ್ದು ಕ್ಯಾಮೆರಾದಲ್ಲಿ. ಮೊಮ್ಮಗಳು ಭಾಗಿಗೆ ಅವಳ ಕಾಕಾ ತನ್ನ ಹಳೆಯದನ್ನು ಕೊಟ್ಟಿದ್ದ. ಮನೆಯಲ್ಲಿ ಕುರಿಗಳಿವೆ. ಈ ಕಡೆಯ ಟಗರಿನ ಬೆಲೆ ಅದರ ಮೂಗಿನಲ್ಲಿದೆ. ಗಿಳಿಯ ಕೊಕ್ಕಿನಂತೆ ಬಾಗಿರಬೇಕು. ಕೊಳ್ಳುವವರು ಈಗ ಮೊದಲು ಮೊಬೈಲಿಗೆ ಫೋಟೋ ಕಳಿಸಿ ಎನ್ನುತ್ತಾರೆ. ಭಾಗಿ ತೆಗೆದ ಫೋಟೋದಲ್ಲಿ ಮೂಗೂ ಇಲ್ಲ, ಟಗರೂ ಇಲ್ಲ, ಬರೀ ಹಳದಿ ಮಂಜು. ಕಾರಣ ಗಂಗವ್ವ. ಫೋಟೋದಿಂದ ದೃಷ್ಟಿ ತಾಗುತ್ತದೆಂದು, ಕ್ಯಾಮೆರಾ ಎತ್ತುವ ಹೊತ್ತಿಗೆ ಸರಿಯಾಗಿ ಟಗರಿನ ಮೇಲೆ ದೇವರ ಅರಿಸಿನ ಪುಡಿ, ಅಂದರೆ ಭಂಡಾರ, ಎರಚುತ್ತಿದ್ದಳು. ಟಗರು ತಲೆ ಕೊಡವುತ್ತಿತ್ತು.

“ಅಮ್ಮಾ, ಫೋಟೋ ತಗದ ಮ್ಯಾಲ ಹಾಕ!” ಎಂದು ಭಾಗಿ ಗಂಗವ್ವನಿಗೆ ಚೀರಿದಳು. ಅಪ್ಪನ ತಾಯಿ ಅವಳಿಗೆ ಅಮ್ಮ, ಅವ್ವನ ತಾಯಿ ನಾನು ಆಯಿ.

“ದೃಷ್ಟಿ ತಾಗಿದ ಮ್ಯಾಲ ಹಾಕಿ ಏನ್ ಮಾಡ್ಲಿ? ಅಡ್ಡ ಬಂದ್ರ ನಿನ್ನ ಮ್ಯಾಲೂ ಹಾಕ್ತೀನಿ.”

ನಾನು ಎದ್ದು ಕೈ ಚಾಚಿದೆ. “ತಾ ಇಲ್ಲಿ.”

“ಆಯಿ, ಅದ್ರಾಗ ಎಲ್ಲಾ ಇಂಗ್ಲಿಷ್ ಐತಿ.”

“ಹೊರಗ ಎಲ್ಲಾ ಮರಾಠಿ ಐತಿ. ಸತ್ತೇನೇನು?”

ಅಂಕಿ ನನಗೆ ಬರುತ್ತವೆ. ಭಾಗಿ ತನಗೆ ತಿಳಿದಷ್ಟು ಹೇಳಿದಳು, ಉಳಿದದ್ದನ್ನು ಇಬ್ಬರೂ ಕೆಡಿಸಿ ಕಲಿತೆವು. ಮೇಲಿನ ಚಕ್ರವನ್ನು ಆಟೋದಿಂದ ತಪ್ಪಿಸಬೇಕು, ಇಲ್ಲದಿದ್ದರೆ ಅದು ತನಗೆ ತೋಚಿದಂತೆ ಮಾಡುತ್ತದೆ. ಶಟರ್ ಅಂದರೆ ಕಣ್ಣಿನ ರೆಪ್ಪೆ. ಅರವತ್ತಕ್ಕೆ, ಅಂದರೆ ಸೆಕೆಂಡಿನ ಅರವತ್ತನೇ ಒಂದು ಪಾಲಿಗೆ, ಇಟ್ಟರೆ ನಿಧಾನ ಮುಚ್ಚುತ್ತದೆ, ಅಷ್ಟರಲ್ಲಿ ಅಲುಗಿದ್ದೆಲ್ಲ ಬಳಿದುಕೊಳ್ಳುತ್ತದೆ. ಸಾವಿರಕ್ಕಿಟ್ಟರೆ ಹಾರುವುದೂ ನಿಲ್ಲುತ್ತದೆ, ಆದರೆ ಬೆಳಕು ಸಾಲದೆ ಕ್ಯಾಮೆರಾದ ಕಣ್ಣಿನ ಚುರುಕು, ಅಂದರೆ ಐಎಸ್‌ಒ ಏರಿಸಬೇಕು. ಅದು ಅತಿಯಾದರೆ ಫೋಟೋದ ತುಂಬ ರವೆ ಚೆಲ್ಲಿದಂತೆ. ನಮ್ಮ ಕಡೆಯ ಕಪ್ಪು ಎರೆಹೊಲ ಬೆಳಕನ್ನು ಕುಡಿಯುತ್ತದೆ. ಇಲ್ಲಿಯ ಕಲ್ಲುನೆಲ ಅದನ್ನು ತಿರುಗಿ ಮುಖಕ್ಕೆ ಎಸೆಯುತ್ತದೆ. ಈ ನೆಲಕ್ಕೆ ಸಾವಿರವೇ ಸರಿ.

ಫೋಟೋ ತೆಗೆಯುವಾಗ ಇಲ್ಲಿ “ಹಲೂ ನಕಾ” ಎನ್ನುತ್ತಾರೆ, ಅಲುಗಬೇಡಿ ಎಂದು. ನಾನು ಕಲಿತ ಮೊದಲ ಮರಾಠಿ ಅದು. ಟಗರಿಗೆ ಯಾವ ಭಾಷೆಯೂ ನಾಟಲಿಲ್ಲ.

ಗಂಗವ್ವನ ಕೈಯನ್ನು ನಾನು ತಡೆಯಲಿಲ್ಲ. ಟಗರನ್ನು ಮಗ್ಗುಲಾಗಿ ನಿಲ್ಲಿಸಿ, “ಹಾಕ್ರಿ, ಕೈ ತುಂಬ ಹಾಕ್ರಿ” ಎಂದೆ. ಹಾಕಿದಳು. ಒತ್ತಿದೆ.

ಬಾಗಿದ ಮೂಗು ಕೆತ್ತಿದಂತಿತ್ತು. ಅದರ ಮೇಲೆ ಭಂಡಾರದ ಒಂದೊಂದು ಕಣವೂ ಗಾಳಿಯಲ್ಲಿ ನಿಂತಿತ್ತು. ಗಂಗವ್ವ ಕ್ಯಾಮೆರಾಕ್ಕೆ ಮೂಗು ತಾಗಿಸಿ ನೋಡಿದಳು.

“ಅಯ್ಯ ಶಿವನ! ನಾ ಹಾಕಿದ್ದು ಇನ್ನೂ ಕೆಳಗ ಬಿದ್ದಿಲ್ಲಲ್ರಿ!”

“ಬೀಳಾಂಗಿಲ್ರಿ. ಇನ್ನ ಯಾವ ದೃಷ್ಟಿ ಬರತೈತಿ, ಬರಲಿ.”

ಮರುದಿನ ಬೆಳಿಗ್ಗೆ ಅವಳೇ ಗದರಿದಳು. “ಏನ್ರಿ, ಕುಂತೇ ಬಿಟ್ರಿ? ಏಳ್ರಿ ಲಗೂನ, ಮರಿಗೋಳ ಫೋಟೋ ನಿಮ್ಮಪ್ಪ ಬಂದು ತಗೀತಾನೇನು?” ಹೂವಿನ ಕಪ್ಪು ಗೂಡು ಸೇರಿತ್ತು. ಬಶಿಯಲ್ಲಿ ಚಹಾ ಬಂತು. ನಾಲಿಗೆ ಸುಟ್ಟುಕೊಂಡು ಕುಡಿದೆ.

ಮೊನ್ನೆ ಸಂಜೆ ಮನೆಯವರದೆಲ್ಲ ಒಂದು ಫೋಟೋ ಎಂದರು. “ನೀವೂ ಬರಬೇಕ್ರಿ ಅದ್ರಾಗ” ಎಂದಳು ಗಂಗವ್ವ. ಬೆಳಕು ಇಳಿದಿತ್ತು. ಶಟರನ್ನು ಹದಿನೈದಕ್ಕೆ ತಂದೆ, ಕ್ಯಾಮೆರಾವನ್ನು ಗಿಡ್ಡ ಗೋಡೆಯ ಮೇಲಿಟ್ಟು ತಾನಾಗಿಯೇ ಒತ್ತಿಕೊಳ್ಳುವಂತೆ ಮಾಡಿ, “ಹಲೂ ನಕಾ!” ಎಂದು ಕೂಗಿ ಓಡಿದೆ. ಕೂತವರೆಲ್ಲ ಚಂದ ಬಂದಿದ್ದರು. ಅಲುಗಿದವಳು ನಾನೊಬ್ಬಳೇ.

“ಆಯಿ, ನೀ ಅಳಿಸೇ ಹೋಗೀದಿ. ಇನ್ನೊಂದು ತಗಿಯೂಣು.”

“ಬ್ಯಾಡ.”

“ಮಾರಿನ ಕಾಣವಲ್ತು!”

“ಓಡಿ ಬಂದದ್ದು ಕಾಣತೈತಿಲ್ಲ? ಸಾಕು.”

ಅದನ್ನೇ ನಿಮಗೆ ಕಳಿಸುತ್ತಿದ್ದೇನೆ. ಅವಳು ಅಲ್ಲಿಯವಳೇ ಆಗಿಬಿಟ್ಟಳೇ ಎಂದು ಊರಲ್ಲಿ ಯಾರಾದರೂ ಕೇಳಿದರೆ ತೋರಿಸಿ. ಅಲುಗದೆ ಕೂತವರು ಇಲ್ಲಿಯವರು. ಅವರತ್ತ ಬಳಿದುಕೊಂಡು ಹೋಗಿರುವ ಹಸಿರು ಸೀರೆ ನಾನು. ಸೆರಗು ಮಾತ್ರ ಇನ್ನೂ ನಿಮ್ಮ ಕಡೆಗೇ ಹಾರುತ್ತಿದೆ.