ಕಹಳೆ ಊದಿದ ಸಂಜೆ ನಾನು ಮುಚ್ಚಿಟ್ಟದ್ದು

ವಿನ್ಸೆಂಟ್, ಆ ಸಂಜೆ ಐರಿನ್ ಕಳಿಸಿದ ಸಂದೇಶವನ್ನು ನಾನು ಓದಿದ್ದೆ. ಓದಿ, ನಿನ್ನ ಫೋನನ್ನು ಮತ್ತೆ ಡಬ್ಬದೊಳಗಿಟ್ಟು ಮುಚ್ಚಳ ಒತ್ತಿದೆ. ಮರಳಿನಲ್ಲಿ ಸಿಗ್ನಲ್ ಇರಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಸುಳ್ಳು — ನಾನು ಕಟ್ಟಿದ, ನೀನು ನಂಬಿದ ಸುಳ್ಳು.

ನಮ್ಮ ಹುಚ್ಚು ಎಂಥದಿತ್ತೆಂದು ನಿನಗೆ ನೆನಪಿದೆಯಲ್ಲ. ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಎಲ್ಲರೂ ನಾಟಕ, ಕೋಲಾಟ ಎಂದು ಹೊರಟಿದ್ದಾಗ, ಹಾಲಿವುಡ್ಡಿನ ಹಳೆಯ ಅಶ್ವದಳದ ಚಿತ್ರಗಳ ಹಾಗೆ ಇಪ್ಪತ್ತು ನಿಮಿಷದ್ದೊಂದು ಮಾಡುತ್ತೇನೆ ಎಂದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಕ್ಕರು. ನಕ್ಕಷ್ಟೂ ನನಗೆ ಹಟ ಬಂತು. ಮುಸಫ್ಫಾದ ನಮ್ಮ ವರ್ಕ್‌ಶಾಪಿನ ನೀಲಿ ಕವರಾಲ್‌ಗಳೇ ಸೈನಿಕರ ಸಮವಸ್ತ್ರವಾದವು. ಹೊಳೆಯುವ ಪಟ್ಟಿಗಳ ಮೇಲೆ ಹಳದಿ ಟೇಪು ಅಂಟಿಸಿದೆವು. ಬಾಡಿಗೆಗೆ ಸಿಕ್ಕ ಕುದುರೆ ಐದೇ. ಅವೇ ಐದು ಮರಳುದಿಬ್ಬದ ಹಿಂದೆ ಸುತ್ತಿ, ಲಾಯದ ಸವಾರರು ಟೋಪಿ, ಕೊರಳ ಬಟ್ಟೆ ಬದಲಿಸಿ ಮತ್ತೆ ಮತ್ತೆ ಇಳಿದು ಬಂದರೆ ಪರದೆಯ ಮೇಲೆ ಇಡೀ ದಂಡು. ಆ ದಂಡನ್ನು ಕರೆಯುವ ಕಹಳೆಯವನು ನೀನು — ಊರಿನ ಇಗರ್ಜಿಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿ ಬೆಳೆದವನು, ಆ ಶುಕ್ರವಾರಕ್ಕಾಗಿ ಹೋಟೆಲಿನಲ್ಲಿ ಶಿಫ್ಟು ಬದಲಿಸಿಕೊಂಡು ಬಂದವನು.

ಧ್ವನಿಯನ್ನು ಅಲ್ಲೇ ಹಿಡಿಯುತ್ತಿದ್ದೆವು. ಫೋನ್ ಸೈಲೆಂಟ್ ಮಾಡಿ ಎಂದರೆ ಒಬ್ಬನಾದರೂ ಮರೆಯುತ್ತಾನೆ. ಅದಕ್ಕೆ ನಾನೇ ಎಲ್ಲರ ಫೋನುಗಳ ಬಾಯಿ ಮುಚ್ಚಿಸಿ ಬಿಸ್ಕತ್ತಿನ ತಗಡಿನ ಡಬ್ಬದೊಳಗೆ ಹಾಕುತ್ತಿದ್ದೆ. ನೀನು ಮಾತ್ರ ಕೊಡಲು ಹಿಂದೆಮುಂದೆ ನೋಡಿದೆ.

"ಡಾಕ್ಟ್ರು ಇನ್ನೂ ಎರಡು ವಾರ ಉಂಟು ಅಂದಿದ್ದಾರೆ ರಾಘಣ್ಣ. ಆದ್ರೂ ಇದು ನನ್ನ ಹತ್ರವೇ ಇರ್ಲಿ. ಹೆರಿಗೆಯಾಗುವಾಗ ಕೈ ಹಿಡ್ಕೊಂಡು ನಿಲ್ತೇನೆ ಅಂತ ಐರಿನ್‌ಗೆ ಮಾತು ಕೊಟ್ಟಿದ್ದೇನೆ."

"ಡಬ್ಬ ನನ್ನ ಕೈಲೇ ಇರುತ್ತೆ ಕಣಯ್ಯ. ಅವಳ ಹೆಸರು ಕಂಡ ತಕ್ಷಣ ಕೂಗ್ತೀನಿ."

ಕೊಟ್ಟೆ ನೀನು. ಅಷ್ಟು ಹೇಳಿದ್ದಕ್ಕೇ ಕೊಟ್ಟೆ.

ಮೊದಲೆರಡು ಸಲ ಕೆಟ್ಟಿತು. ಒಮ್ಮೆ ಒಂದು ಕುದುರೆ ಅಡ್ಡ ತಿರುಗಿತು, ಇನ್ನೊಮ್ಮೆ ಯಾರದೋ ಟೋಪಿ ಹಾರಿತು. ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಆದರೆ ಖಲಾಸ್, ಕುದುರೆ ವಾಪಸ್ ಎಂದು ಲಾಯದವನು ಬೆರಳು ಆಡಿಸಿದ. ಬಿಸಿಲು ಬಂಗಾರವಾಗುತ್ತಿತ್ತು. ಡಬ್ಬ ತೆರೆದು ನೋಡಿದೆ. ಐರಿನ್‌ಳ ನಾಲ್ಕು ಮಿಸ್ಡ್ ಕಾಲ್, ಕೆಳಗೊಂದು ಸಾಲು: ನೋವು ಶುರುವಾಗಿದೆ, ಅಕ್ಕ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಾಳೆ, ಬೇಗ ಬಾ.

ಚೊಚ್ಚಲ ಹೆರಿಗೆ, ರಾತ್ರಿಯಾಗುತ್ತದೆ ಎಂದುಕೊಂಡೆ ಎಂದು ಬರೆಯಹೊರಟಿದ್ದೆ. ಇಲ್ಲ — ಅದನ್ನು ಆಮೇಲೆ ಜೋಡಿಸಿಕೊಂಡೆ. ಆ ಕ್ಷಣದಲ್ಲಿ ನಾನು ನೋಡಿದ್ದು ಬಿಸಿಲನ್ನು ಮಾತ್ರ.

ನೀನು ದಿಬ್ಬದ ನೆತ್ತಿಯಲ್ಲಿ ನಿಂತು ಊದಿದೆ. ಏನು ಊದಿದೆ ಮಾರಾಯ! ಐದು ಕುದುರೆಗಳು ಧೂಳೆಬ್ಬಿಸಿಕೊಂಡು ಇಳಿದವು, ಸುತ್ತಿ ಬಂದು ಮತ್ತೆ ಇಳಿದವು, ಇನ್ನೊಮ್ಮೆ ಇಳಿದವು. ಬೆರಳು ಆಡಿಸಿದ ಲಾಯದವನೇ ಚಪ್ಪಾಳೆ ತಟ್ಟಿದ. ನಾವೆಲ್ಲ ಅಪ್ಪಿಕೊಂಡು ಕುಣಿದೆವು. ಕುಣಿದು ಮುಗಿದ ಮೇಲೆ ಡಬ್ಬ ತೆರೆದು, "ಅಯ್ಯೋ, ಈಗ ಬಂತು ನೋಡು, ಇಷ್ಟು ಹೊತ್ತು ಸಿಗ್ನಲ್ಲೇ ಇರಲಿಲ್ಲ" ಎಂದೆ. ಕವರಾಲ್‌ನಲ್ಲೇ ಕಾರು ಹತ್ತಿ ಹೊರಟೆ ನೀನು. ನೀನು ಮುಟ್ಟುವ ಅರ್ಧ ಗಂಟೆ ಮೊದಲು ಮಗಳು ಹುಟ್ಟಿದ್ದಳು. ನಾನು ನಿನ್ನನ್ನು ಹಿಡಿದಿಟ್ಟದ್ದು ಮುಕ್ಕಾಲು ಗಂಟೆ.

ರಾಜ್ಯೋತ್ಸವದ ದಿನ ಆ ದೃಶ್ಯಕ್ಕೆ ಸಭೆ ಎದ್ದು ನಿಂತಿತು. ನಕ್ಕವರೇ ಇನ್ನೊಮ್ಮೆ ಹಾಕಿ ಎಂದರು. ದುಬೈ ಸಂಘದವರು ಕರೆಸಿಕೊಂಡರು. ಅಲ್ಲಿನ ಅಲ್ ನಹ್ದಾ ಬಡಾವಣೆಯ ಮಕ್ಕಳು ನಿನ್ನ ಹಿಂದೆ ಕಹಳೆ ಊದುತ್ತ ಓಡಿದರು. ಮಗಳ ಪ್ರತಿ ಹುಟ್ಟುಹಬ್ಬಕ್ಕೂ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಿನ್ನ ಮನೆಯಲ್ಲಿ ಅದೇ ಚಿತ್ರ. ಪ್ರತಿ ಸಲವೂ ಐರಿನ್, "ದಂಡು ಕರೀಲಿಕ್ಕೆ ಆಗ್ತದೆ, ಹೆಂಡ್ತಿಯ ಫೋನ್ ನೋಡ್ಲಿಕ್ಕೆ ಆಗುದಿಲ್ಲ ಇವರಿಗೆ" ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ನೀನು ತಲೆ ತಗ್ಗಿಸುತ್ತೀಯ. ನಾನೂ ನಕ್ಕಿದ್ದೇನೆ.

ಈ ಸಲ ನಿನ್ನ ಮಗಳು ನನ್ನ ಪಕ್ಕಕ್ಕೆ ಬಂದು ಕೇಳಿದಳು: "ಅಂಕಲ್, ಪಪ್ಪಾಗೆ ನಾನು ಬೇಡ ಇತ್ತಾ?"

ಸಿಗ್ನಲ್ ಇರಲಿಲ್ಲ ಪುಟ್ಟಾ ಎಂದೆ. ಏಳು ವರ್ಷದ ಮಗುವಿಗೂ ಅದನ್ನೇ ಹೇಳಿದೆ.

ಶುಕ್ರವಾರ ಬರುತ್ತೇನೆ. ಅವಳ ಮುಂದೆಯೇ, ಐರಿನ್ ಮುಂದೆಯೇ ಹೇಳುತ್ತೇನೆ — ನಿಮ್ಮಪ್ಪನಿಗೆ ಫೋನನ್ನು ಕೈಬಿಡಲು ಮನಸ್ಸಿರಲಿಲ್ಲ, ಕೂಗುತ್ತೇನೆಂದು ಮಾತು ಕೊಟ್ಟು ಇಸಿದುಕೊಂಡು ಮುಚ್ಚಿಟ್ಟವನು ನಾನು ಎಂದು. ಆಮೇಲೆ ಬಾಗಿಲು ಹಾಕಿಕೊಳ್ಳುವುದು ನಿಮಗೆ ಬಿಟ್ಟದ್ದು. ಆದರೆ ಒಂದನ್ನು ಇಲ್ಲಿಯೇ ಒಪ್ಪಿಕೊಳ್ಳಬೇಕು, ವಿನ್ಸೆಂಟ್. ಆ ಕುದುರೆಗಳು ಇಳಿಯುವುದನ್ನು ನೋಡಿದಾಗ ನನ್ನ ಎದೆ ಇವತ್ತಿಗೂ ಉಬ್ಬುತ್ತದೆ. ಉಬ್ಬಿದ ಪ್ರತಿ ಸಲವೂ ಆ ಮುಚ್ಚಳವನ್ನು ಮತ್ತೊಮ್ಮೆ ಒತ್ತಿದ್ದೇನೆ.